ಕಲ್ಲು ಕಡಿಯುತ್ತಿದ್ದ ಫ್ರಿಟ್ಜ್ ಮತ್ತು ನಾಯಿಯ ಆಟಿಕೆ



"ನಾಯಿಗೆ ಆಟದ ಸಾಮಾನು ತಂದೆ" ಎಂದು ಊರಿನಲ್ಲಿರುವ ಅಜ್ಜಿಗೆ ಒಮ್ಮೆ ಫೋನಿನಲ್ಲಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನಾಯಿಗೆ ಆಟದ ಸಾಮಾನಾ? ಯಾಕೆ, ಅದಕ್ಕೆ ಬೇರೆ ಕೆಲಸ ಇಲ್ವಾ?" ಎಂದರು. ನಕ್ಕು ಫೋನ್ ಇಟ್ಟೆ. ಆದರೆ ಯೋಚಿಸಿದರೆ ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಕೆಲಸ ಇದ್ದಷ್ಟು ಕಾಲ ನಾಯಿಗೆ ಯಾರೂ ಆಟಿಕೆ ಕೊಂಡು ತಂದವರಿಲ್ಲ.

ನಮ್ಮ ಕಾಳಿಯನ್ನೇ ನೋಡಿ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 950ರ ಸುಮಾರಿನ ಕಲ್ಲಿನಲ್ಲಿ ಅದರ ಕಥೆ ಇದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಯುದ್ಧ ಅದು (ಚೆನ್ನೈನ ಕೇಳುಗರಿಗೆ ಗೊತ್ತಿರಬಹುದು, ಊರು ಅರಕ್ಕೋಣಂ ಬಳಿ ಈಗಲೂ ಇದೆ). ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗ, ಚೆನ್ನಾಗಿ ಹೋರಾಡಿದ ತನ್ನ ಭಟ ಮಣಲೆರನಿಗೆ "ಏನು ಬೇಕೋ ಕೇಳು" ಎಂದ. ಮಣಲೆರ ಹೊನ್ನು ಕೇಳಲಿಲ್ಲ, ಭೂಮಿ ಕೇಳಲಿಲ್ಲ. ಬೂತುಗನ ಬೇಟೆನಾಯಿ ಕಾಳಿಯನ್ನು ಕೇಳಿದ! ಮುಂದೊಂದು ದಿನ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು, ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಡಲಾಗಿದೆ. ಊರಿಗೆ ಹೋದಾಗ ನೋಡಿ ಬನ್ನಿ.

ಓಡು, ಅಟ್ಟು, ಹಿಡಿ, ಅಲುಗಾಡಿಸು, ಕಡಿ. ಕಾಳಿಯ ಕೆಲಸ ಇಷ್ಟೇ. ನಮ್ಮ ಫ್ಲ್ಯಾಟಿನ ನಾಯಿಯ ರಕ್ತದಲ್ಲೂ ಅದೇ ಇದೆ, ಹಂದಿ ಮಾತ್ರ ಇಲ್ಲ. ನಾವು ಎಂಟೂವರೆಯ ಲೋಕಲ್ ಹಿಡಿದು ಹೋದರೆ ಬರುವುದು ಸಂಜೆ ಏಳಕ್ಕೆ. ಅಷ್ಟು ಹೊತ್ತು ಅದು ಏನು ಮಾಡಬೇಕು? ಸೋಫಾದ ಕಾಲು, ಅಪ್ಪನ ಚಪ್ಪಲಿ, ಮೊಬೈಲ್ ಚಾರ್ಜರ್... ಮುಂದಿನದು ನಿಮಗೇ ಗೊತ್ತು.

ಇದೇ ತೊಂದರೆ 1970ರ ದಶಕದಲ್ಲಿ ಅಮೆರಿಕದ ಕೊಲೊರಾಡೋ ರಾಜ್ಯದ ಜೋ ಮಾರ್ಕಮ್ ಎಂಬುವರಿಗೂ ಬಂತು. ಅವರ ಜರ್ಮನ್ ಶೆಫರ್ಡ್ ಫ್ರಿಟ್ಜ್ ಪೊಲೀಸ್ ಕೆಲಸದಿಂದ ನಿವೃತ್ತಿಯಾದ ನಾಯಿ. ಕೆಲಸ ಹೋದ ಮೇಲೆ ಫ್ರಿಟ್ಜ್ ಕಲ್ಲು ಕಡಿಯಲು ಶುರು ಮಾಡಿತು. ಹಲ್ಲುಗಳು ಸವೆಯತೊಡಗಿದವು. ಮೂಳೆ ಕೊಟ್ಟರು, ನೈಲಾನ್ ಕೊಟ್ಟರು, ಅದಕ್ಕೆ ಕಲ್ಲೇ ಬೇಕು. ಒಂದು ದಿನ ಜೋ ತಮ್ಮ ಹಳೆಯ ಫೋಕ್ಸ್‌ವ್ಯಾಗನ್ ವ್ಯಾನ್ ರಿಪೇರಿ ಮಾಡುತ್ತಾ, ಕಲ್ಲಿನ ಕಡೆಯಿಂದ ನಾಯಿಯ ಗಮನ ತಪ್ಪಿಸಲು ಬಿಚ್ಚಿದ ಬಿಡಿಭಾಗಗಳನ್ನು ಒಂದೊಂದಾಗಿ ಎಸೆಯುತ್ತಿದ್ದರು. ಸಸ್ಪೆನ್ಷನ್ನಿನ ಗಟ್ಟಿ ರಬ್ಬರ್ ತುಂಡೊಂದು ಬಿದ್ದದ್ದೇ ತಡ, ಫ್ರಿಟ್ಜ್ ಕಲ್ಲನ್ನು ಬಿಟ್ಟು ಅದನ್ನು ಹಿಡಿಯಿತು. ಅದು ಕಿಂಗ್ ಕಾಂಗ್ ಗೊರಿಲ್ಲಾ ಕಿವಿಗೆ ಇಟ್ಟುಕೊಳ್ಳುವ ಬಿರಡೆಯ ಹಾಗಿದೆ ಎಂದು ಪರಿಚಿತರೊಬ್ಬರು ತಮಾಷೆ ಮಾಡಿದರಂತೆ. 1976ರಲ್ಲಿ ಶುರುವಾದ ಕಂಪನಿಗೆ 'ಕಾಂಗ್' ಎಂಬ ಹೆಸರು ಬಂದದ್ದು ಹಾಗೆ.

ಅಂಗಡಿಯಲ್ಲಿ ನೋಡುವ, ಒಂದರ ಮೇಲೊಂದು ಮೂರು ಉಂಡೆ ಕೂರಿಸಿದಂಥ ಕೆಂಪು ರಬ್ಬರ್ ಆಟಿಕೆ ಇದೇ. ಆಕಾರದಿಂದಾಗಿ ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೆ ಹೇಳಲಾಗದು, ಓಡುವ ಮೊಲದ ಹಾಗೆ. ಒಳಗೆ ಟೊಳ್ಳು, ಆದ್ದರಿಂದ ತಿಂಡಿ ತುಂಬಬಹುದು. ಎರಡೂ ತುದಿಯಲ್ಲಿ ತೂತು. ಈ ಎರಡನೆಯ ತೂತು ಸಣ್ಣ ವಿಷಯವಲ್ಲ. ಒಂದೇ ತೂತಿನ ಟೊಳ್ಳು ಚೆಂಡಿನೊಳಗೆ ನಾಯಿ ನಾಲಿಗೆ ಹಾಕಿದರೆ ಒಳಗಿನ ಗಾಳಿ ಹೊರಟು, ನಾಲಿಗೆ ಅಲ್ಲೇ ಸಿಕ್ಕಿಕೊಂಡು ಊದಿಕೊಳ್ಳುತ್ತದೆ. 2008ರಲ್ಲಿ ಅಮೆರಿಕದಲ್ಲಿ ಇಂಥ ಒಂದು ಚೆಂಡನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಸಿದ್ದು ಇದೇ ಕಾರಣಕ್ಕೆ.

ಕಾಂಗ್‌ಗಿಂತ ಸ್ವಲ್ಪ ಮೊದಲು ಇನ್ನೊಂದು ಮಜಾ ನಡೆದಿತ್ತು. 1974ರ ಆಗಸ್ಟ್ 5, ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ ಬೇಸ್‌ಬಾಲ್ ಪಂದ್ಯ, ದೇಶವೆಲ್ಲ ಟಿವಿಯಲ್ಲಿ ನೋಡುತ್ತಿದೆ. ಅಲೆಕ್ಸ್ ಸ್ಟೈನ್ ಎಂಬ ಕಾಲೇಜು ಹುಡುಗ ತನ್ನ ವಿಪ್ಪೆಟ್ ನಾಯಿ ಆಶ್ಲಿಯೊಂದಿಗೆ ಬೇಲಿ ಹಾರಿ ಮೈದಾನಕ್ಕಿಳಿದು ಫ್ರಿಸ್ಬಿ ಎಸೆಯತೊಡಗಿದ. ಆಶ್ಲಿ ಓಡಿ, ಗಾಳಿಯಲ್ಲಿ ನೆಗೆದು ಹಿಡಿದದ್ದನ್ನು ನೋಡಿ ಆಟವೇ ನಿಂತಿತು. ಕೊನೆಗೆ ಕಾವಲಿನವರು ಹುಡುಗನನ್ನು ಹೊರಗೆ ಕರೆದೊಯ್ದರು, ಆದರೆ ಮರುವರ್ಷವೇ ನಾಯಿಗಳ ಫ್ರಿಸ್ಬಿ ಪಂದ್ಯಾವಳಿ ಶುರುವಾಯಿತು. ವಿಪ್ಪೆಟ್ ನಮ್ಮ ಮುಧೋಳದ ಹಾಗೆ ಕಣ್ಣಿನಿಂದ ಬೇಟೆ ಗುರುತಿಸಿ ಅಟ್ಟುವ ಜಾತಿ. ಹಾರುವ ತಟ್ಟೆ ಅದಕ್ಕೆ ಬೇಟೆಯೇ. ಮನುಷ್ಯರಾಡುವ ಗಟ್ಟಿ ಪ್ಲಾಸ್ಟಿಕ್ ತಟ್ಟೆ ಮಾತ್ರ ನಾಯಿಗೆ ಬೇಡ, ವಸಡು ಕುಯ್ಯುತ್ತದೆ. ಮೆತ್ತನೆಯದು ಸಿಗುತ್ತದೆ, ಅದನ್ನೇ ತನ್ನಿ.

ಟೆನಿಸ್ ಚೆಂಡೂ ಹಾಗೆಯೇ ಮನುಷ್ಯರಿಂದ ಎರವಲು ಬಂದದ್ದು. ಎಸೆದು ತರಿಸಲು ಪರವಾಗಿಲ್ಲ, ಬಾಯಲ್ಲೇ ಬಿಟ್ಟುಬಿಡುವುದು ಸರಿಯಲ್ಲ. ಅದರ ಬಟ್ಟೆಗೆ ಮರಳು, ಧೂಳು ಸೇರಿದರೆ ಉಪ್ಪುಕಾಗದದಂತೆ ಹಲ್ಲು ಉಜ್ಜುತ್ತದೆ. ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಬೇರೆ.

ಇಷ್ಟೆಲ್ಲ ಓದಿಕೊಂಡದ್ದು ಬುದ್ಧಿ ಬಂದ ಮೇಲೆ. ನಮ್ಮ ರಾಣಿ ಎರಡು ವರ್ಷದವಳಿದ್ದಾಗ ಒತ್ತಿದರೆ ಕೀಚಲು ಸದ್ದು ಮಾಡುವ ಬಟ್ಟೆಯ ಬೊಂಬೆ ತಂದಿದ್ದೆ. ಕಾಳಿಯ ವಂಶವಲ್ಲವೇ, ಸದ್ದು ಎಲ್ಲಿಂದ ಬರುತ್ತದೆಂದು ಹುಡುಕಿ, ಹೊಟ್ಟೆ ಬಗೆದು, ಒಳಗಿನ ಪ್ಲಾಸ್ಟಿಕ್ ಪೀಪಿ ನುಂಗಿದಳು. ಎರಡು ದಿನ ವಾಂತಿ, ಮೂರನೆಯ ದಿನ ಆಪರೇಷನ್. ಬೊಂಬೆಯ ಚೀಟಿಯಲ್ಲಿ ಎಚ್ಚರಿಕೆಯ ಒಂದು ಸಾಲೂ ಇರಲಿಲ್ಲ. ನಮ್ಮ ದೇಶದಲ್ಲಿ 2020ರಲ್ಲಿ ಹೊರಟ ಆಟಿಕೆಗಳ ಗುಣಮಟ್ಟದ ಆದೇಶ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಮಾತ್ರ. ನಾಯಿಯದಕ್ಕೆ ನಮ್ಮ ಕಣ್ಣೇ ಐಎಸ್‌ಐ ಗುರುತು.

ಹೊಲಿಗೆ ಬಿಚ್ಚುವ ದಿನ ವೈದ್ಯರು ಹೇಳಿಕೊಟ್ಟದ್ದು ಹೆಬ್ಬೆರಳಿನ ಪರೀಕ್ಷೆ. ಆಟಿಕೆಯನ್ನು ಉಗುರಿನಿಂದ ಒತ್ತಿ. ಸ್ವಲ್ಪವೂ ತಗ್ಗದಿದ್ದರೆ ಅದು ಕಡಿಯಲು ಕೊಡುವಂಥದ್ದಲ್ಲ, ಮೇಲಿನ ದೊಡ್ಡ ದವಡೆ ಹಲ್ಲು ಸೀಳುತ್ತದೆ. ಬೇಯಿಸಿದ ಮೂಳೆಯೂ ಬೇಡ, ಚೂರಾಗಿ ಕರುಳಿಗೆ ಚುಚ್ಚುತ್ತದೆ. ಇಡೀ ಆಟಿಕೆ ಬಾಯೊಳಗೆ ಹೋಗುವಂತಿದ್ದರೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ. ಹಗ್ಗದ ಆಟಿಕೆಯ ನೂಲು ಬಿಚ್ಚತೊಡಗಿದ ದಿನವೇ ಕಸದ ಬುಟ್ಟಿಗೆ ಹಾಕಿ, ಅಯ್ಯೋ ನೂರೈವತ್ತು ರೂಪಾಯಿ ಕೊಟ್ಟೆನಲ್ಲ ಎಂದು ಇಟ್ಟುಕೊಳ್ಳಬೇಡಿ. ನುಂಗಿದ ನೂಲು ಕರುಳನ್ನು ಸುಕ್ಕುಗಟ್ಟಿಸುತ್ತದೆ.

ರಾಣಿಗೆ ಈಗ ರಬ್ಬರಿನದೊಂದೇ. ರಾತ್ರಿ ಅದರೊಳಗೆ ಮೊಸರನ್ನ ತುಂಬಿ (ಉಪ್ಪು, ಒಗ್ಗರಣೆ, ಈರುಳ್ಳಿ ಯಾವುದೂ ಇಲ್ಲದ್ದು) ಫ್ರೀಜರಿನಲ್ಲಿ ಇಡುತ್ತೇನೆ. ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ಕೊಟ್ಟರೆ ಎರಡು ಪಂಜದ ನಡುವೆ ಒತ್ತಿ ಹಿಡಿದು ನೆಕ್ಕಲು ಕೂರುತ್ತಾಳೆ. ರಜಾದಿನ ಗಡಿಯಾರ ಹಿಡಿದು ನೋಡಿದ್ದೇನೆ, ಪೂರ್ತಿ ಖಾಲಿಯಾಗಲು 40 ನಿಮಿಷ.