ಅಪಸ್ಮಾರದ ನಿರ್ಣಯದಲ್ಲಿ ಇಇಜಿ: ಬಿಸಿನೀರಿನ ಸೆಳವಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

ತಲೆಗೆ ಬಿಸಿನೀರು ಸುರಿದುಕೊಳ್ಳುವಾಗ ಮಾತ್ರ ಸೆಳವು ಬರುವ ಒಂದು ಬಗೆಯ ಅಪಸ್ಮಾರವಿದೆ. ಜಗತ್ತಿನ ಬಹುಪಾಲು ಕಡೆ ಅಪರೂಪವಾದ ಇದು ದಕ್ಷಿಣ ಕರ್ನಾಟಕದ ನರರೋಗ ತಜ್ಞರಿಗೆ ಚಿರಪರಿಚಿತ. ಇದರ ಮೊದಲ ವರದಿ ಬಂದದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. 1968ರಲ್ಲಿ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಬೆಂಗಳೂರಿನ ರೋಗಿಗಳನ್ನು ಕುರಿತು ಬರೆದರು. 1988ರಲ್ಲಿ ಡಾ. ಪಿ. ಸತೀಶ್‌ಚಂದ್ರ ಮತ್ತು ಸಹೋದ್ಯೋಗಿಗಳು 279 ಜನರ ವಿವರಗಳನ್ನು ಪ್ರಕಟಿಸಿದರು. ಹಂಡೆಯಲ್ಲಿ ಕಾಯಿಸಿದ, 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಚೊಂಬಿನಿಂದ ಒಂದೇ ಸಮನೆ ನೆತ್ತಿಗೆ ಹೊಯ್ದುಕೊಳ್ಳುವ ನಮ್ಮ ಸ್ನಾನದ ರೂಢಿಗೂ ಈ ಸೆಳವಿಗೂ ನಂಟಿದೆ. ಸೆಳವಿನ ಮುನ್ಸೂಚನೆಯಲ್ಲಿ ಕೆಲವರಿಗೆ ಒಂದು ಬಗೆಯ ಹಿತ ಸಿಗುವುದರಿಂದ ಅವರು ಮತ್ತೆ ಮತ್ತೆ ನೀರು ಸುರಿದುಕೊಳ್ಳುವುದೂ ಉಂಟು.

ಈ ರೋಗಿಗಳಲ್ಲಿ ಹೆಚ್ಚಿನವರಿಗೆ ಸೆಳವಿಲ್ಲದ ಹೊತ್ತಿನಲ್ಲಿ ಮಾಡಿದ ಇಇಜಿ ಸಹಜವಾಗಿಯೇ ಇರುತ್ತದೆ. ದೋಷ ಕಾಣುವುದು ಸುಮಾರು ಶೇ. 15ರಿಂದ 20ರಷ್ಟು ಜನರಲ್ಲಿ. ಆದರೂ ರೋಗನಿರ್ಣಯ ತಡವರಿಸುವುದಿಲ್ಲ. ಬಚ್ಚಲಿನಲ್ಲಿ ಏನಾಯಿತೆಂದು ಮನೆಯವರು ಹೇಳುವ ಮಾತೇ ಅದನ್ನು ಮಾಡಿಕೊಡುತ್ತದೆ. ಅಪಸ್ಮಾರದ ನಿರ್ಣಯ ರೋಗಿಯ ವೃತ್ತಾಂತದ ಮೇಲೆ ನಿಲ್ಲತಕ್ಕದ್ದು; ಮಿದುಳಿನ ಅಲೆಗಳ ದಾಖಲೆ ಆ ವೃತ್ತಾಂತಕ್ಕೆ ಬಲ ಕೊಡುವ, ಅದನ್ನು ಇನ್ನಷ್ಟು ನಿಖರಗೊಳಿಸುವ ಸಾಕ್ಷ್ಯ. ಈ ಕ್ರಮ ತಿರುವುಮುರುವಾದರೆ ಆಗುವ ಹಾನಿಯನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. 1935ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಗಿಬ್ಸ್, ಡೇವಿಸ್, ಲೆನಾಕ್ಸ್ ಮೂವರೂ ಸೇರಿ, ಗಳಿಗೆ ಹೊತ್ತು ಮೈಮರೆತು ದಿಟ್ಟಿಸುವ ಮಕ್ಕಳ 'ಆಬ್ಸೆನ್ಸ್' ಸೆಳವಿನಲ್ಲಿ ಸೆಕೆಂಡಿಗೆ ಮೂರರಂತೆ ಬರುವ ಮೊನಚು ಅಲೆ–ನಿಧಾನ ಅಲೆಗಳ ಜೋಡಿಯನ್ನು ಗುರುತಿಸಿದರು. ಇಇಜಿ ತನ್ನ ಪೂರ್ಣ ಶಕ್ತಿಯನ್ನು ತೋರುವುದು ಇಲ್ಲಿಯೇ. ಚಿಕಿತ್ಸೆ ಆರಂಭವಾಗದ ಇಂಥ ಮಗುವನ್ನು ಮೂರು ನಿಮಿಷ ಜೋರಾಗಿ ಉಸಿರಾಡಿಸಿದರೆ, ಬಹುತೇಕ ಸಂದರ್ಭಗಳಲ್ಲಿ ತಂತ್ರಜ್ಞರ ಕಣ್ಣೆದುರೇ ಸೆಳವು ಬರುತ್ತದೆ. ಪಾಠದ ಮೇಲೆ ಗಮನವಿಲ್ಲವೆಂದು ಬೈಸಿಕೊಳ್ಳುತ್ತಿದ್ದ ಮಗುವಿಗೆ ಅಂದೇ ಸರಿಯಾದ ಔಷಧಿ ಸಿಗುತ್ತದೆ.

ಎಲ್ಲ ಅಪಸ್ಮಾರವೂ ಇಷ್ಟು ಸಲೀಸಾಗಿ ಕೈಗೆ ಸಿಗದು, ಅದಕ್ಕೆ ಭೌತಿಕ ಕಾರಣಗಳಿವೆ. ತಲೆಯ ಚರ್ಮದ ಮೇಲೆ ಸಿಗುವ ಸಂಕೇತ ಹತ್ತಾರು ಮೈಕ್ರೋವೋಲ್ಟ್‌ಗಳಷ್ಟೇ. ಮಿದುಳಿನ ಹೊರಪದರದಲ್ಲಿ ಆರರಿಂದ ಹತ್ತು ಚದರ ಸೆಂಟಿಮೀಟರಿನಷ್ಟಾದರೂ ಜಾಗದ ನರಕೋಶಗಳು ಒಟ್ಟಿಗೆ ಮಿಡಿಯದಿದ್ದರೆ ಬುರುಡೆಯಾಚೆಗೆ ಅದರ ಸುಳಿವು ಹತ್ತುವುದಿಲ್ಲ. ಕಣತಲೆ ಭಾಗದ ಒಳಮಗ್ಗುಲಿನಲ್ಲೋ ಕಣ್ಣುಗುಳಿಯ ಮೇಲಿನ ಮಡಿಕೆಯಲ್ಲೋ ಹುಟ್ಟುವ ಚಟುವಟಿಕೆ ಹೀಗೆ ತಪ್ಪಿಸಿಕೊಳ್ಳುತ್ತದೆ. ಮೇಲಾಗಿ ದಾಖಲಿಸುವ ಅವಧಿ ಅರ್ಧ ಗಂಟೆಯ ಆಸುಪಾಸು. ಮೊನಚು ಅಲೆಗಳು ಆ ಅರ್ಧ ಗಂಟೆಯಲ್ಲೇ ಬರಬೇಕೆಂಬ ನಿಯಮವಿಲ್ಲ. ಅಪಸ್ಮಾರ ಖಚಿತವಾಗಿರುವವರಲ್ಲೂ ಮೊದಲ ಇಇಜಿಯಲ್ಲಿ ಅವು ಕಾಣುವುದು ಸುಮಾರು ಅರ್ಧದಷ್ಟು ಜನರಲ್ಲಿ. ನಾಲ್ಕು ಬಾರಿ ಮಾಡಿದರೆ ಈ ಪ್ರಮಾಣ ಶೇ. 90ರ ಹತ್ತಿರ ಹೋಗುತ್ತದೆ. ಸೆಳವು ಬಂದ 24 ಗಂಟೆಯೊಳಗೆ ಮಾಡಿದರೆ, ನಿದ್ದೆಗೆಡಿಸಿ ಮಲಗಿಸಿ ದಾಖಲಿಸಿದರೆ ಅವು ಕಾಣುವ ಸಂಭವ ಹೆಚ್ಚು.

ಪರೀಕ್ಷೆಗೆ ಬರುವವರಿಗೆ ಎಣ್ಣೆ ಹಚ್ಚದೆ ತಲೆ ತೊಳೆದುಕೊಂಡು ಬರಲು ಹೇಳುವುದು ವಾಡಿಕೆ; ಎಣ್ಣೆಯಿದ್ದರೆ ಎಲೆಕ್ಟ್ರೋಡ್ ಸರಿಯಾಗಿ ಕೂರದು. ಬಿಸಿನೀರಿನ ಸೆಳವಿನ ಶಂಕೆಯಿದ್ದರೆ ಉಗುರುಬೆಚ್ಚಗಿನ ನೀರಿನಲ್ಲೇ ತೊಳೆಯಿರಿ ಎಂದೂ ಸೇರಿಸಬೇಕು.

ಸಹಜ ಇಇಜಿಯನ್ನು ಕಂಡು 'ಫಿಟ್ಸ್ ಇಲ್ಲ' ಎಂದು ಕಳಿಸಿಬಿಡುವುದು ಒಂದು ತಪ್ಪು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡದು ಇದರ ವಿರುದ್ಧದ ತಪ್ಪು. ಬ್ರಿಟನ್ನಿನ ವಾಯುಪಡೆಗೆ ಸೇರಬಯಸಿದ ಹದಿಮೂರು ಸಾವಿರಕ್ಕೂ ಹೆಚ್ಚು ಆರೋಗ್ಯವಂತ ಯುವಕರ ಇಇಜಿಗಳನ್ನು ಪರಿಶೀಲಿಸಿದಾಗ ಸುಮಾರು ಶೇ. 0.5ರಷ್ಟು ಜನರಲ್ಲಿ ಅಪಸ್ಮಾರದ ಮಾದರಿಯ ಅಲೆಗಳಿದ್ದವು. ಇಟಲಿಯಲ್ಲಿ 3,726 ಆರೋಗ್ಯವಂತ ಶಾಲಾಮಕ್ಕಳನ್ನು ಪರೀಕ್ಷಿಸಿದಾಗ, 1980ರ ವರದಿಯಂತೆ, ಆ ಪ್ರಮಾಣ ಶೇ. 3.5, ಅವರಲ್ಲಿ ಬಹುಪಾಲು ಮಕ್ಕಳಿಗೆ ಮುಂದೆಯೂ ಸೆಳವು ಬರಲಿಲ್ಲ. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ತಲೆನೋವು, ತಲೆಸುತ್ತು ಎನ್ನುವ ಸಾವಿರ ಮಕ್ಕಳಿಗೆ ಹಿಂದುಮುಂದು ವಿಚಾರಿಸದೆ ಇಇಜಿ ಮಾಡಿದೆವು, ಅವರಲ್ಲಿ ನಿಜವಾದ ಅಪಸ್ಮಾರ ಹತ್ತು ಮಕ್ಕಳಿಗಿದೆ ಎಂದಿಟ್ಟುಕೊಳ್ಳಿ. ಆ ಹತ್ತರಲ್ಲಿ ಐವರ ದಾಖಲೆಯಲ್ಲಿ ದೋಷ ಕಾಣುತ್ತದೆ. ಉಳಿದ 990ರಲ್ಲಿ ಸುಮಾರು 35 ಮಕ್ಕಳ ದಾಖಲೆಯಲ್ಲೂ ಕಾಣುತ್ತದೆ. ವರದಿಯನ್ನೇ ನಂಬಿ ಮಾತ್ರೆ ಬರೆದರೆ ಒಬ್ಬ ರೋಗಿಗೆ ಏಳು ಮಂದಿ ನಿರೋಗಿಗಳು ಔಷಧಿ ನುಂಗುತ್ತಾರೆ.

ಇದರ ಮೇಲೆ ಓದುವವರ ತಪ್ಪೂ ಸೇರುತ್ತದೆ. ತೂಕಡಿಕೆಯಲ್ಲಿ ಬರುವ ನಿರುಪದ್ರವಿ ಚೂಪು ಅಲೆಗಳು, ಕಣ್ಣು ಮಿಟುಕಿಸಿದ್ದರಿಂದ, ಹಲ್ಲು ಕಚ್ಚಿದ್ದರಿಂದ ಮೂಡುವ ಗೀಟುಗಳು ಅಪಸ್ಮಾರದ ಗುರುತೆಂದು ವರದಿಯಾಗುತ್ತವೆ. ಇದನ್ನು ತಡೆಯಲು ನರವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಆರು ಲಕ್ಷಣಗಳನ್ನು ಗೊತ್ತುಮಾಡಿದೆ: ಅಲೆಗೆ ಚೂಪು ತುದಿಯಿದ್ದು ಎರಡು ಮೂರು ಹಂತಗಳಿರಬೇಕು, ಅದರ ಅವಧಿ ಸುತ್ತಲಿನ ಅಲೆಗಳಿಗಿಂತ ಬೇರೆಯಾಗಿರಬೇಕು, ಏರಿಳಿತ ಸಮನಾಗಿರಬಾರದು, ಹಿಂದೆಯೇ ನಿಧಾನ ಅಲೆ ಬರಬೇಕು, ಹಿನ್ನೆಲೆಯ ಲಯ ಕದಡಬೇಕು, ತಲೆಯ ಮೇಲೆ ಅದು ಹರಡಿರುವ ರೀತಿ ಮಿದುಳಿನಿಂದಲೇ ಹುಟ್ಟಿದ್ದೆಂದು ತೋರಬೇಕು. ಕನಿಷ್ಠ ನಾಲ್ಕಾದರೂ ಕೂಡಿಬರದಿದ್ದರೆ ಅಪಸ್ಮಾರದ ಹೆಸರೆತ್ತುವಂತಿಲ್ಲ. ನಮ್ಮ ಪ್ರಯೋಗಾಲಯಗಳ ವರದಿಗಳಲ್ಲಿ ಈ ಶಿಸ್ತು ಕಾಣಬೇಕು.

ಹಾಗಾದರೆ ಇಇಜಿ ನಿರ್ಣಾಯಕವಾಗುವುದು ಎಲ್ಲಿ? ಪ್ರಚೋದನೆಯಿಲ್ಲದೆ ಒಂದೇ ಒಂದು ಸೆಳವು ಬಂದವರಲ್ಲಿ. ಅಪಸ್ಮಾರ ವಿರೋಧಿ ಅಂತರರಾಷ್ಟ್ರೀಯ ಸಂಘದ 2014ರ ವ್ಯಾಖ್ಯೆಯಂತೆ, ಮುಂದಿನ ಹತ್ತು ವರ್ಷಗಳಲ್ಲಿ ಸೆಳವು ಮರುಕಳಿಸುವ ಸಂಭವ ಶೇ. 60ಕ್ಕೆ ಕಡಿಮೆಯಿಲ್ಲದಿದ್ದರೆ ಒಂದೇ ಸೆಳವಿಗೂ ಅಪಸ್ಮಾರವೆನ್ನಬಹುದು. ಆ ಸಂಭವವನ್ನು ಅಳೆಯಲು ಸ್ಪಷ್ಟವಾದ ಮೊನಚು ಅಲೆಗಳು ಬಹಳ ನೆರವಾಗುತ್ತವೆ. ಅಪಸ್ಮಾರ ಖಚಿತವಾದ ಮೇಲೆ ಅದು ಯಾವ ಬಗೆಯದು, ಮಿದುಳಿನ ಯಾವ ಭಾಗದ್ದು ಎಂದು ತಿಳಿಯಲೂ ಇಇಜಿ ಬೇಕು. ಮಾನಸಿಕ ಒತ್ತಡದ ಸೆಳವುಗಳನ್ನು ಬೇರ್ಪಡಿಸಲು ಸೆಳವನ್ನೂ ಅಲೆಗಳನ್ನೂ ಒಟ್ಟಿಗೆ ಸೆರೆಹಿಡಿಯುವ ವಿಡಿಯೋ ಇಇಜಿಗೆ ಸಾಟಿಯಾದ ಪರೀಕ್ಷೆ ಇಲ್ಲ.

ಅಪಸ್ಮಾರವನ್ನು ಹಿಂದೂ ವಿವಾಹ ಕಾಯಿದೆಯ ಅಡ್ಡಿಗಳ ಪಟ್ಟಿಯಿಂದ 1999ರಲ್ಲೇ ತೆಗೆದರೂ, ಹೆಣ್ಣುಮಗಳೊಬ್ಬಳ ಕಡತದಲ್ಲಿ ಒಮ್ಮೆ ಬಿದ್ದ ಈ ಹೆಸರು ಊರಿನವರ ಬಾಯಿಂದ ಅಷ್ಟು ಬೇಗ ಅಳಿಯುವುದಿಲ್ಲ. ಆದ್ದರಿಂದ ಇಇಜಿಗೆ ಕಳಿಸುವ ವೈದ್ಯಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. ಸೆಳವನ್ನು ಕಣ್ಣಾರೆ ಕಂಡವರನ್ನು ಕರೆಸಿ ಕೇಳಿ. ಮನೆಯವರು ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದರೆ ನೋಡಿ. ಕೋರಿಕೆಯ ಚೀಟಿಯಲ್ಲಿ 'ಫಿಟ್ಸ್?' ಎಂದಷ್ಟೇ ಗೀಚದೆ, ಏನು, ಯಾವಾಗ, ಎಷ್ಟು ಹೊತ್ತು ನಡೆಯಿತೆಂದು ಬರೆಯಿರಿ. ಆ ವೃತ್ತಾಂತಕ್ಕೆ ಹೊಂದದ ವರದಿ ಕೈಗೆ ಬಂದಾಗ, ಮಾತ್ರೆ ಬರೆಯುವ ಮೊದಲು ರೋಗಿಯನ್ನು ಇನ್ನೊಮ್ಮೆ ಕೂರಿಸಿ ಕೇಳಿ.