ಸುಣ್ಣದ ಬಾನಿ, ಅಪ್ಪನ ಪಾಲು

ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆಯ ದಿನ ಗೊತ್ತಾಯಿತೆಂದರೆ ಹಳೇ ಊರಿನ ಮನೆಗಳಿಗೆ ಸುಣ್ಣ ಬೀಳಲೇಬೇಕಿತ್ತು. ಬೀಗರು ಬರುತ್ತಾರೆ, ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ, ಬಂದವರ ಕಣ್ಣು ಮೊದಲು ಹೋಗುವುದು ಗೋಡೆಗೆ. ಜಾತ್ರೆ ಇಲ್ಲದ ವರ್ಷ ಯುಗಾದಿಗೋ ದೀಪಾವಳಿಗೋ ಆ ಕೆಲಸ. ಮನೆಯವರೆಲ್ಲ ಸೇರಿ ಮನೆ ಸ್ವಚ್ಛ ಮಾಡುವುದು ಎಂದರೆ ನಮ್ಮ ಕಡೆ ಇದೇ. ದಿನಾ ಕಸ ಹೊಡೆಯುವುದನ್ನು ಯಾರೂ ಆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

1960ರ ದಶಕದ ನಮ್ಮ ಮನೆಯ ಪದ್ಧತಿ ಹೇಳುತ್ತೇನೆ. ಅಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಸುಟ್ಟ ಸುಣ್ಣದ ಕಲ್ಲು ತರುವುದು, ಬಾನಿಗೆ ಹಾಕಿ ನೀರು ಹೊಯ್ಯುವುದು ಅವರ ಪಾಲು. ನೀರು ಬಿದ್ದೊಡನೆ ಕಲ್ಲು ಬುಸುಗುಡುತ್ತಾ ಅರಳಿ, ಬಾನಿ ಬಾನಿಯೇ ಕುದಿಯುತ್ತಿತ್ತು. ಕಣ್ಣಿಗೆ ಸಿಡಿದರೆ ಕಣ್ಣು ಹೋದಂತೆಯೇ ಎಂದು ಮಕ್ಕಳನ್ನು ಅಂಗಳದಾಚೆ ನಿಲ್ಲಿಸುತ್ತಿದ್ದರು. ಮಾರನೆಯ ದಿನ ಆರಿದ ತಿಳಿಗೆ ಒಂದಿಷ್ಟು ನೀಲಿ, ಗೋಡೆಗೆ ಕಚ್ಚಲೆಂದು ಒಂದಿಷ್ಟು ಅಂಟು. ಏಣಿ ಹತ್ತುವುದು ಅಪ್ಪ, ಏಣಿ ಹಿಡಿಯುವುದು ಅಣ್ಣ. ಪಾತ್ರೆ, ಡಬ್ಬಿ, ಟ್ರಂಕು ಅಂಗಳಕ್ಕೆ ಸಾಗಿಸುವುದು ನಾವು ಹೆಣ್ಣುಮಕ್ಕಳು. ಅವ್ವ ಅವನ್ನೆಲ್ಲ ತಿಕ್ಕಿ ತೊಳೆದು, ನೆಲಕ್ಕೆ ಬಿದ್ದ ಸುಣ್ಣದ ಹನಿ ಕೆರೆದು, ಅದರ ನಡುವೆಯೇ ಅಡುಗೆಯನ್ನೂ ಮಾಡಿ ಮುಗಿಸುತ್ತಿದ್ದಳು. ಸಂಜೆ ಬಂದವರೆಲ್ಲ, "ಏನ್ ಸುಣ್ಣ ಹೊಡ್ದೀಯಪ್ಪ, ಮನಿ ಬೆಳಗ್ತೈತಿ" ಎಂದು ಅಪ್ಪನ ಬೆನ್ನು ತಟ್ಟುತ್ತಿದ್ದರು.

ಅಜ್ಜಿಯ ಕಾಲದ ಮಾಳಿಗೆ ಮನೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸವೊಂದಿತ್ತು. ಮರದ ತೊಲೆ, ಜಂತೆಗಳ ಮೇಲೆ ಮಣ್ಣು ಹೊದಿಸಿದ ಸೂರು ಅದು. ಮುಂಗಾರು ಹಿಡಿಯುವ ಮೊದಲು ಅದರ ಮೇಲೆ ಕರ್ಲು ಮಣ್ಣು ಹಾಸಬೇಕು. ಬೆಳೆ ಬೆಳೆಯದ ಚೌಳು ನೆಲದ ಮಣ್ಣು ಇದಕ್ಕೇ ಬೇಕು; ಅದರಲ್ಲಿನ ಸೋಡಿಯಂ ನೀರು ಬಿದ್ದಾಗ ಜಿಗುಟಿನ ಕಣಗಳನ್ನು ಬಿಡಿಸಿ ಸಂದುಗಳನ್ನು ಮುಚ್ಚಿಬಿಡುತ್ತದೆ, ಮಳೆ ಕೆಳಗಿಳಿಯುವುದಿಲ್ಲ. ರೈತನಿಗೆ ಶಾಪವಾದ ಮಣ್ಣೇ ಸೂರಿಗೆ ವರ. ಗಂಡಸರು ಅಗೆದು ಗಾಡಿಯಲ್ಲಿ ತರಬೇಕು, ಹೆಂಗಸರು ಪುಟ್ಟಿಯಲ್ಲಿ ಮೇಲೆ ಹೊತ್ತು ಕೊಡಬೇಕು, ಹುಡುಗರು ಮಾಳಿಗೆ ಮೇಲೆ ತುಳಿಯಬೇಕು. ಒಂದು ಮನೆಯ ಜನ ಸಾಲದೆ ಓಣಿಯವರು ಕೂಡಿಕೊಳ್ಳುತ್ತಿದ್ದರು. ಆ ವರ್ಷ ಯಾರ ಮನೆಯ ಗಂಡಸು ಸೋಮಾರಿ ಎಂಬುದು ಮೊದಲ ಮಳೆಯಲ್ಲೇ ಒಲೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಮೂರನೆಯದು ಮಾರ್ನಮಿ ಅಮಾಸೆಯ ಹೊತ್ತಿನ ಹಾಸಿಗೆ ಒಗೆತ. ಹಿರೇರ ಹಬ್ಬದ ಮುಂಚೆ, ಘಟ ಕೂರಿಸುವ ಮುಂಚೆ, ಮನೆಯಲ್ಲಿರುವ ಕೌದಿ, ಕಂಬಳಿ, ಜಮಖಾನ, ದುಪ್ಪಟಿ ಎಲ್ಲವೂ ನೀರು ಕಾಣಬೇಕು. ಬಾವಿ ನೀರಿನಲ್ಲಿ ಆಗುವ ಕೆಲಸವಲ್ಲ. ಹರಿಹರದವರಿಗೆ ತುಂಗಭದ್ರೆ ಮನೆ ಬಾಗಿಲಲ್ಲೇ ಇದ್ದಾಳೆ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿಯಿಂದ ಕೂಗಳತೆಯಲ್ಲೇ ಹೊಳೆ. ದಾವಣಗೆರೆಯದು ಒಣ ನೆಲ, ಜೋಳ ಹತ್ತಿಯ ನೆಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟಾಗಿ ನಾಲೆ ನಮ್ಮ ತಾಲ್ಲೂಕಿಗೆ ಬಂದ ಮೇಲೆ ಗದ್ದೆಗೆ ಭತ್ತ ಬಂತು, ಊರಿನ ಹೆಂಗಸರಿಗೆ ಹರಿಯುವ ನೀರು ಸಿಕ್ಕಿತು. ಮಳೆಗಾಲದ ಬೆಳೆಗೆ ಬಿಟ್ಟ ನೀರು ಮಾರ್ನಮಿ ಹೊತ್ತಿಗೆ ನಾಲೆ ತುಂಬಾ ಇರುತ್ತದೆ. ಎಂಜಿನಿಯರುಗಳು ಈ ಉಪಯೋಗವನ್ನು ನಕ್ಷೆಯಲ್ಲಿ ಬರೆದಿರಲಿಕ್ಕಿಲ್ಲ.

ಗಂಟು ಕಟ್ಟಿ ಎತ್ತಿನ ಗಾಡಿಯಲ್ಲೋ ಸೈಕಲ್ಲಿನಲ್ಲೋ ಹೊರಟರೆ ಬುತ್ತಿಯೂ ಜೊತೆಗೆ. ನಾಲ್ಕಾರು ಹಳೇ ಸೀರೆ ಒಂದರ ಮೇಲೊಂದಿಟ್ಟು ಹೊಲಿದ ಕೌದಿ ನೆನೆದರೆ ಒಬ್ಬರಿಂದ ಏಳುವುದಿಲ್ಲ. ಅದನ್ನು ಹಿಂಡುವುದಕ್ಕೆ ಇಬ್ಬರೇ ಬೇಕು: ಆ ತುದಿ ಒಬ್ಬರು, ಈ ತುದಿ ಒಬ್ಬರು, ಒಬ್ಬರು ಬಲಕ್ಕೆ ತಿರುವಿದರೆ ಇನ್ನೊಬ್ಬರು ಎಡಕ್ಕೆ. ಅಪ್ಪ ಅವ್ವ ಎದುರುಬದುರು ನಿಂತು ಒಂದೇ ವಸ್ತುವನ್ನು ಹಿಡಿದದ್ದನ್ನು ನಾನು ನೋಡಿದ್ದು ನಾಲೆಯ ದಂಡೆಯಲ್ಲೇ. ಅವ್ವ "ಗಟ್ಟಿ ಹಿಡೀರಿ, ಮಿಲ್ಲಿನಾಗ ಹಿಂಗೇ ಮಾಡ್ತೀರೇನು" ಎಂದು ಗದರಿಸುವ ಧೈರ್ಯ ಮಾಡುತ್ತಿದ್ದದ್ದೂ ಅಲ್ಲೇ.

ಇನ್ನು ದಿನದ ಕೆಲಸ. ಅಂಗಳಕ್ಕೆ ಸೆಗಣಿ ನೀರು, ಒಳಗೆ ಸಾರಣೆ, ಮಂಡಕ್ಕಿ ಭಟ್ಟಿಯಿಂದ ತಂದ ಹೊಟ್ಟಿನ ಬೂದಿಯಲ್ಲಿ ಪಾತ್ರೆ ತಿಕ್ಕುವುದು. ಆ ಬೂದಿಯಲ್ಲಿ ಹೆಚ್ಚುಪಾಲು ಸಿಲಿಕಾ, ಮಸಿ ಹಿಡಿದ ತಳವನ್ನೂ ಬೆಳ್ಳಗೆ ಮಾಡುತ್ತದೆ, ಕೈಯ ಚರ್ಮವನ್ನೂ ಬಿಡುವುದಿಲ್ಲ. ಇದಕ್ಕೆ ಅಪ್ಪ ಬರುತ್ತಿರಲಿಲ್ಲ, ಅಣ್ಣ ಬರುತ್ತಿರಲಿಲ್ಲ. ಹನ್ನೆರಡನೇ ಶತಮಾನದ ಶರಣೆ ಸತ್ಯಕ್ಕನಿಗೆ ಕಸ ಗುಡಿಸುವುದೇ ಕಾಯಕವಾಗಿತ್ತು ಎಂದು ನಮ್ಮೂರಿನ ಮಠಗಳಲ್ಲಿ ಪ್ರವಚನ ಕೇಳಿ ತಲೆದೂಗಿದ ಗಂಡಸರು ಮನೆಗೆ ಬಂದು ಕಸಬರಿಗೆ ದಾಟಿಕೊಂಡು ಹೋಗುತ್ತಿದ್ದರು.

ಮದುವೆಯಾಗಿ ನಾನು ಹೋದದ್ದು ಹರಿಹರಕ್ಕೆ. ಮಾವನವರು ಮೈಸೂರು ಕಿರ್ಲೋಸ್ಕರ್‌ನಲ್ಲಿ, 1941ರಲ್ಲಿ ಶುರುವಾದ ಆ ಯಂತ್ರೋಪಕರಣ ಕಾರ್ಖಾನೆಯಲ್ಲಿ, ಲೇತ್ ಕಟ್ಟುವ ಕೆಲಸದಲ್ಲಿದ್ದರು. ಆಯುಧಪೂಜೆಗೆ ಮುಂಚೆ ತಮ್ಮ ಯಂತ್ರವನ್ನು ಹತ್ತಿ ವೇಸ್ಟಿನಿಂದ ಒರೆಸಿ, ಎಣ್ಣೆ ಹಾಕಿ, ಒಂದು ಲೋಹದ ಚೂರೂ ಉಳಿಯದಂತೆ ಮಾಡಿ ಬರುತ್ತಿದ್ದರು. ಅದನ್ನು ವರ್ಣಿಸುವಾಗ ಅವರ ಮುಖ ನೋಡಬೇಕು. ಅದೇ ಕೈ ತಾವು ಮಲಗಿದ ಹಾಸಿಗೆ ಮಡಿಸಿದ್ದಿಲ್ಲ. ನನಗೆ ಕೋಪ ಬರುತ್ತಿತ್ತು, ಆದರೆ ಒಂದು ವಿಷಯ ಹೊಳೆದದ್ದೂ ಆಗಲೇ: ಗಂಡಸರಿಗೆ ಸ್ವಚ್ಛ ಮಾಡಲು ಬರುವುದಿಲ್ಲ ಎಂಬುದು ಸುಳ್ಳು. 1948ರ ಕಾರ್ಖಾನೆ ಕಾಯಿದೆ ಅವರಿಗೆ ವಾರಕ್ಕೆ 48 ಗಂಟೆಯ ಮಿತಿ, ಒಂದು ದಿನ ರಜೆ ಎರಡನ್ನೂ ಕೊಟ್ಟಿತ್ತು. ಅತ್ತೆಯ ಪಾಳಿಗೆ ಸೈರನ್ನೇ ಇರಲಿಲ್ಲ.

ಆಮೇಲೆ ಒಂದೊಂದೇ ಹೋಯಿತು. ಮಾಳಿಗೆಯ ಜಾಗಕ್ಕೆ ಆರ್‌ಸಿಸಿ ಬಂತು, ಕರ್ಲು ಹೊರುವುದು ನಿಂತಿತು. ಸುಣ್ಣದ ಜಾಗಕ್ಕೆ ಡಿಸ್ಟೆಂಪರ್, ಎಮಲ್ಷನ್ ಬಂದವು. ಬಳಿಯಲು ಪೇಂಟರ್ ಬಂದ. ಸೆಗಣಿ ನೆಲ ಹೋಗಿ ಕಡಪ ಕಲ್ಲು, ಟೈಲ್ಸ್ ಬಂದವು, ಅವಕ್ಕೆ ದಿನಾ ಒರೆಸುವ ಬಟ್ಟೆ ಬೇಕಾಯಿತು. ಲೆಕ್ಕ ಹಾಕಿ ನೋಡಿ: ಹೋದದ್ದೆಲ್ಲ ಹೆಚ್ಚುಕಡಿಮೆ ಅಪ್ಪನ ಪಾಲು. ಉಳಿದದ್ದು, ಬೆಳೆದದ್ದು ಅವ್ವನ ಪಾಲು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ತಮ್ಮ ದೇಶದ ಬಗ್ಗೆ ಇಂಥದ್ದನ್ನೇ ಬರೆದಿದ್ದಾರೆ. ಅಲ್ಲಿ ಕಬ್ಬಿಣದ ಒಲೆ ಬಂದು ಗಂಡಸರು ಸೌದೆ ಒಡೆಯುವುದು ಕಡಿಮೆಯಾಯಿತು, ಹೆಂಗಸರ ಅಡುಗೆ ಮಾತ್ರ ಹೆಚ್ಚಿತಂತೆ. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕುವ ಹೆಂಗಸು ದಿನಕ್ಕೆ 299 ನಿಮಿಷ, ಗಂಡಸು 97 ನಿಮಿಷ. ಅದೂ ಕೈ ಹಾಕುವ ಗಂಡಸರ ಲೆಕ್ಕ. ಅಂಥವರು ನೂರಕ್ಕೆ 26.

"ಎಲ್ಲರೂ ಸೇರಿ" ಎನ್ನುವಾಗ ಇನ್ನೊಂದು ಮರೆವೂ ಇದೆ. ಹಿತ್ತಿಲ ಓಣಿಯಿಂದ ಬಂದು ಒಣ ಪಾಯಿಖಾನೆಯ ಮಲ ತೆಗೆದು ತಲೆಯ ಮೇಲೆ ಹೊತ್ತೊಯ್ಯುತ್ತಿದ್ದವರು ನಮ್ಮ ಯಾವ ಹಬ್ಬದ ಪಟ್ಟಿಯಲ್ಲೂ ಇರಲಿಲ್ಲ. ತಲೆ ಮೇಲೆ ಹೊರುವುದನ್ನು 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪ ನಿಷೇಧಿಸಿದರು. ನಮ್ಮ ಗೋಡೆಗಳು ಬೆಳ್ಳಗಿದ್ದ ಕಾಲವನ್ನು ನೆನೆದು ಹಂಬಲಿಸುವವರು ಹಿತ್ತಿಲ ಬಾಗಿಲನ್ನೂ ಒಮ್ಮೆ ತೆರೆದು ನೋಡಬೇಕು.

ಕಾರ್ಖಾನೆ ಮುಚ್ಚಿ ಮಾವ ಮನೆಯಲ್ಲಿ ಕೂತ ಮೇಲೆ ಅತ್ತೆ ಖಡಕ್ ರೊಟ್ಟಿ ತಟ್ಟಿ ಅಂಗಡಿಗೆ ಕೊಡತೊಡಗಿದರು. ಒಲೆಯ ಬೂದಿ ತೆಗೆಯುವುದು, ಹಂಚು ಒರೆಸುವುದು ನಿಧಾನಕ್ಕೆ ಮಾವನ ಕೈಗೆ ಬಂತು. ಯಾರೂ ಹೇಳಲಿಲ್ಲ, ಅವರೂ ಅದರ ಮಾತೆತ್ತಲಿಲ್ಲ. ಹಂಚು ಮಾತ್ರ ಲೇತಿನಷ್ಟೇ ಹೊಳೆಯುತ್ತಿತ್ತು.

ಈಗ ಮಗ ಬೆಂಗಳೂರಿನ ಫ್ಲ್ಯಾಟಿನಲ್ಲಿ ರಾತ್ರಿ ಪಾತ್ರೆ ತೊಳೆಯುತ್ತಾನೆ, ಸೊಸೆ ಬೆಳಿಗ್ಗೆ ಮನೆ ಒರೆಸುತ್ತಾಳೆ. ಮಾರ್ನಮಿಗೆ ಊರಿಗೆ ಬಂದರೆ ಅವನು ಉಂಡ ತಟ್ಟೆ ಹಿಡಿದು ಸಿಂಕಿನ ಕಡೆ ಹೊರಟದ್ದೇ ತಡ, ಅತ್ತೆ ಕಿತ್ತುಕೊಳ್ಳುತ್ತಾರೆ: "ಇಡಪ್ಪ ಅಲ್ಲಿ, ನಿಂಗ್ಯಾಕೆ ಅದು." ಕೌದಿ ಹಿಂಡುವುದಕ್ಕಾದರೆ ತಾವೇ ಕೂಗಿ ಕರೆಯುತ್ತಾರೆ.