ಜಾಲತಾಣದ ಅರ್ಜಿ ನಮೂನೆಗಳಲ್ಲಿ ಬಳಸುವ ಕನ್ನಡ ಪದಗಳು: ಅರ್ಥ ಮತ್ತು ಬಳಕೆ

ಸರ್ಕಾರದ ಸೇವೆಗಳಿಗೆ ಜಾಲತಾಣದ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೂ, ಅಂತಹ ಪುಟಗಳ ಕನ್ನಡ ಪಠ್ಯವನ್ನು ಸಿದ್ಧಪಡಿಸುವ ಸಿಬ್ಬಂದಿಗೂ ಉಪಯುಕ್ತವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಕರ್ನಾಟಕ ರಾಜಭಾಷಾ ಅಧಿನಿಯಮ, 1963ರಂತೆ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿದೆ. ಆದರೆ ಪುಟವು ಕನ್ನಡದಲ್ಲಿದೆ ಎಂದ ಮಾತ್ರಕ್ಕೆ ಅದು ಎಲ್ಲರಿಗೂ ಅರ್ಥವಾಗುತ್ತದೆಯೆಂದು ಭಾವಿಸಲಾಗದು. ಕಚೇರಿಯಲ್ಲಿ ಸಂದೇಹ ಬಂದರೆ ಎದುರಿಗಿರುವ ನೌಕರರನ್ನು ಕೇಳಬಹುದು. ಪರದೆಯ ಮುಂದೆ ಕುಳಿತವರಿಗೆ ಗುಂಡಿಯ ಮೇಲಿನ ಪದವೊಂದೇ ಆಧಾರ. ಆದ್ದರಿಂದ ಗುಂಡಿಯನ್ನು ಒತ್ತಿದರೆ ಏನಾಗುತ್ತದೆ ಎಂಬುದನ್ನು ಆ ಪದವೇ ತಿಳಿಸತಕ್ಕದ್ದು.

1. ‘ಉಳಿಸಿ’ ಮತ್ತು ‘ಸಲ್ಲಿಸಿ’

ಅತಿ ಹೆಚ್ಚು ಗೊಂದಲಕ್ಕೆ ಎಡೆಮಾಡುವ ಪದಗಳಿವು. ‘ಉಳಿಸಿ’ ಎಂದರೆ ಭರ್ತಿ ಮಾಡಿದ ವಿವರಗಳನ್ನು ಮುಂದೆ ತಿದ್ದುವ ಸಲುವಾಗಿ ಇರಿಸಿಕೊಳ್ಳುವುದು. ಅರ್ಜಿಯು ಇನ್ನೂ ಕಚೇರಿಗೆ ತಲುಪಿರುವುದಿಲ್ಲ. ‘ಸಲ್ಲಿಸಿ’ ಎಂಬುದನ್ನು ಒತ್ತಿ, ಶುಲ್ಕವಿದ್ದಲ್ಲಿ ಪಾವತಿಸಿದ ನಂತರವೇ ಅರ್ಜಿಯು ಕಚೇರಿಗೆ ಹೋಗುತ್ತದೆ. ಉಳಿಸಿದ್ದನ್ನೇ ಸಲ್ಲಿಕೆಯೆಂದು ತಿಳಿದು ಪುಟವನ್ನು ಮುಚ್ಚಿದವರಿಗೆ ಕೊನೆಯ ದಿನಾಂಕ ಕಳೆದ ಮೇಲಷ್ಟೇ ತಪ್ಪಿನ ಅರಿವಾಗುವ ಸಂಭವವಿರುತ್ತದೆ.

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಗಳಲ್ಲಿ ಅರ್ಜಿ ಸ್ವೀಕೃತವಾದಾಗ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆ ದೊರೆಯುತ್ತದೆ. ಕರಡನ್ನು ಉಳಿಸಿದ ಮಾತ್ರಕ್ಕೆ ಈ ಸಂಖ್ಯೆ ದೊರೆಯುವುದಿಲ್ಲ. ನಿಗದಿತ ಅವಧಿಯ ಎಣಿಕೆಯೂ ಆರಂಭವಾಗುವುದಿಲ್ಲ. ಗುಂಡಿಯ ಮೇಲೆ ‘ಕರಡನ್ನು ಉಳಿಸಿ’ ಎಂದು ಬರೆದರೆ ಈ ಗೊಂದಲ ನಿವಾರಣೆಯಾಗುತ್ತದೆ.

2. ‘ರದ್ದು’ ಮತ್ತು ‘ಮರುಹೊಂದಿಸಿ’

“ಅರ್ಜಿಯನ್ನು ರದ್ದುಪಡಿಸಬೇಕೆ?” ಎಂಬ ಪ್ರಶ್ನೆಯ ಕೆಳಗೆ ‘ಸರಿ’, ‘ರದ್ದು’ ಎಂಬ ಎರಡು ಗುಂಡಿಗಳಿದ್ದರೆ, ‘ರದ್ದು’ ಒತ್ತಿದಾಗ ರದ್ದಾಗುವುದು ಅರ್ಜಿಯೋ, ಪ್ರಶ್ನೆಯೋ ಎಂಬುದು ತಿಳಿಯದು. ‘ಹೌದು, ಅರ್ಜಿ ಬೇಡ’ ಮತ್ತು ‘ಇಲ್ಲ, ಅರ್ಜಿ ಇರಲಿ’ ಎಂದು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ. ಅಂತೆಯೇ, ಭರ್ತಿ ಮಾಡಿದ್ದೆಲ್ಲವನ್ನೂ ತೆಗೆದುಹಾಕುವ ಗುಂಡಿಗೆ ‘ಮರುಹೊಂದಿಸಿ’ ಎನ್ನುವ ಬದಲು ‘ಎಲ್ಲವನ್ನೂ ಅಳಿಸಿ’ ಎನ್ನಬೇಕು.

3. ‘ಸಲ್ಲಿಸು’ ಅಥವಾ ‘ಸಲ್ಲಿಸಿ’

‘ಸಲ್ಲಿಸು’ ಎಂಬುದು ಬಳಕೆದಾರರು ಗಣಕಯಂತ್ರಕ್ಕೆ ಕೊಡುವ ಆಜ್ಞೆ. ‘ಸಲ್ಲಿಸಿ’ ಎಂಬುದು ಪುಟವು ಬಳಕೆದಾರರಿಗೆ ಮಾಡುವ ವಿನಂತಿ. ಎರಡಕ್ಕೂ ಸಮರ್ಥನೆಯುಂಟು. ಆದರೆ ಏಕವಚನವನ್ನು ತಮಗೇ ಹೇಳಿದಂತೆ ಹಿರಿಯರು ಭಾವಿಸುವ ಸಾಧ್ಯತೆಯಿರುವುದರಿಂದ ‘ಸಲ್ಲಿಸಿ’ ಎಂಬ ರೂಪವೇ ಯೋಗ್ಯ. ಒಂದೇ ಪುಟದಲ್ಲಿ ಎರಡನ್ನೂ ಬೆರೆಸಬಾರದು.

4. ರೂಢಿಯ ಪದಗಳು

‘ಪಾಸ್‌ವರ್ಡ್’, ‘ಗುಪ್ತಪದ’, ‘ಪ್ರವೇಶಪದ’ ಇವುಗಳಲ್ಲಿ ಒಂದನ್ನು ಆರಿಸಿ ಎಲ್ಲ ಪುಟಗಳಲ್ಲಿಯೂ ಅದನ್ನೇ ಬಳಸಬೇಕು. ಒಂದೇ ಲೆಕ್ಕಶೀರ್ಷಿಕೆಗೆ ಮೂರು ಹೆಸರಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ. ಪದಗಳ ವಿಷಯವೂ ಹಾಗೆಯೇ. ಜಮೀನಿನ ದಾಖಲೆಯನ್ನು ಕೆಲವರು ‘ಪಹಣಿ’ ಎನ್ನುವರು, ಕೆಲವರು ‘ಆರ್‌ಟಿಸಿ’ ಎನ್ನುವರು, ಉತ್ತರ ಕರ್ನಾಟಕದಲ್ಲಿ ‘ಉತಾರ’ ಎನ್ನುವುದೂ ಉಂಟು. ಶೀರ್ಷಿಕೆ ಒಂದೇ ಇರಲಿ. ಹುಡುಕುವ ಸೌಲಭ್ಯವು ಮೂರನ್ನೂ ಗುರುತಿಸಲಿ.

5. ಅಂಕಿಗಳು ಮತ್ತು ಕೊಂಡಿಗಳು

ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಟಕ್ಕೆ ಒಂದೇ ತೆರನಾಗಿದ್ದರೂ ಯೂನಿಕೋಡ್‌ನಲ್ಲಿ ಅವು ಬೇರೆ ಬೇರೆ ಸಂಕೇತಗಳು. ಸೊನ್ನೆಯ ಬದಲು ಅನುಸ್ವಾರವನ್ನು ಬೆರಳಚ್ಚಿಸಿದರೆ ಗಣಕಯಂತ್ರವು ಅದನ್ನು ಸಂಖ್ಯೆಯೆಂದು ಪರಿಗಣಿಸದು. ಇಂತಹ ಸಂದರ್ಭದಲ್ಲಿ ‘ಅಮಾನ್ಯ’ ಎಂದಷ್ಟೇ ಹೇಳದೆ, ಯಾವ ಕಲಂ ತಪ್ಪಾಗಿದೆ, ಹೇಗೆ ಬರೆಯಬೇಕು ಎಂಬುದನ್ನು ತಿಳಿಸಬೇಕು.

ದೃಷ್ಟಿದೋಷವುಳ್ಳವರು ಪರದೆಯನ್ನು ಓದಿ ಹೇಳುವ ತಂತ್ರಾಂಶದಿಂದ ಕೊಂಡಿಗಳ ಪಟ್ಟಿಯನ್ನಷ್ಟೇ ಕೇಳುವುದುಂಟು. ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಹತ್ತು ಬಾರಿ ಕೇಳಿದರೆ ಅವರಿಗೆ ಏನೂ ತಿಳಿಯದು. ‘ಆದಾಯ ಪ್ರಮಾಣ ಪತ್ರದ ಅರ್ಜಿ ನಮೂನೆ’ ಎಂದು ಬರೆದರೆ ತಿಳಿಯುತ್ತದೆ.

ಸಾರ್ವಜನಿಕರಿಗೆ ಸೂಚನೆ: ಅರ್ಜಿಯ ಸ್ವೀಕೃತಿ ಸಂಖ್ಯೆಯು ಪರದೆಯ ಮೇಲೆ ಮೂಡಿದ ನಂತರ ಅದನ್ನು ಬರೆದಿಟ್ಟುಕೊಂಡು ಅಥವಾ ಮುದ್ರಿಸಿಕೊಂಡು ಆನಂತರವೇ ಪುಟವನ್ನು ಮುಚ್ಚುವುದು. ಸಂಖ್ಯೆ ಬಾರದಿದ್ದಲ್ಲಿ ಅರ್ಜಿ ಸಲ್ಲಿಕೆಯಾಗಿದೆಯೆಂದು ಭಾವಿಸದೆ, ಕೊನೆಯ ದಿನಾಂಕಕ್ಕೆ ಮುಂಚಿತವಾಗಿ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸತಕ್ಕದ್ದು.